ಕಾಟಾ ನಿಂತ ರಾತ್ರಿ: ಮೆಮೊರಿ ಖಾಲಿ ಇತ್ತು, ಆದರೂ ಸಿಗಲಿಲ್ಲ
ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಕೆಲಸ ಮಾಡುತ್ತೇನೆ. ಸಕ್ಕರೆ ಕಾರ್ಖಾನೆಗಳ ತೂಕದ ಕಾಟಾಗಳಿಗೆ ಸಣ್ಣ ಲಿನಕ್ಸ್ ಬೋರ್ಡ್ ಮಾಡಿಕೊಡುತ್ತೇವೆ. ರ‍್ಯಾಮ್ 128 ಎಂಬಿ ಅಷ್ಟೇ. ಲೋಡ್ ಸೆಲ್‌ನಿಂದ ತೂಕ ಓದುವ ಕರ್ನೆಲ್ ಡ್ರೈವರ್, ಅಂದರೆ ಲಿನಕ್ಸಿನ ತಿರುಳಿನೊಳಗೆ ಓಡುವ ಕೋಡು, ನಮ್ಮದೇ.

ಹಂಗಾಮು ಜೋರಾಗಿದ್ದ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಸಾಹೇಬ್ರ, ಮಷಿನ್ ಗಪ್ ಆಗೇತ್ರಿ. ಗೇಟಿನ ಹೊರಗ ಟ್ರ್ಯಾಕ್ಟರ್ ಲೈನ್ ಹಚ್ಯಾವ್ರಿ." ಆಫ್ ಮಾಡಿ ಆನ್ ಮಾಡಿಸಿದೆ, ಚಾಲೂ ಆಯ್ತು. ಆದರೆ ನನಗೆ ನಿದ್ದೆ ಬರಲಿಲ್ಲ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ರೈತನಿಗೆ ಸಿಗುವ ದುಡ್ಡು ಆ ತೂಕದ ಮೇಲೆಯೇ ಅಲ್ವಾ?

ಮರುದಿನ ಹೋಗಿ ಲಾಗ್ ತೆಗೆದೆ. ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್ 4, ಅಂದರೆ ಕೇಳಿದ ಮೆಮೊರಿ ಸಿಕ್ಕಿಲ್ಲ. ಅದರ ಕೆಳಗೇ 20 ಎಂಬಿಗಿಂತ ಜಾಸ್ತಿ ಖಾಲಿ ಇದೆ ಅಂತಲೂ ಇತ್ತು. ಖಾಲಿ ಇದ್ದೂ ಯಾಕೆ ಸಿಗಲಿಲ್ಲ? ನಮ್ಮ ಡ್ರೈವರ್ ಪ್ರತಿ ಸಲ ತೂಕ ಓದುವಾಗ ಕರ್ನೆಲ್ಲಿನಲ್ಲಿ ಮೆಮೊರಿ ಕೊಡುವ ಫಂಕ್ಷನ್ ಕೆಮ್ಯಾಲಕ್‌ನಿಂದ 64 ಕೆಬಿ ಕೇಳುತ್ತಿತ್ತು. ಅಂದರೆ 4 ಕೆಬಿಯ 16 ಪೇಜು (ಪೇಜು ಅಂದರೆ ಮೆಮೊರಿಯ ಒಂದು ತುಂಡು; ಆರ್ಡರ್ 4 ಅಂದರೆ 2ರ ನಾಲ್ಕನೇ ಘಾತ, 16), ಅದೂ ಒಂದರ ಪಕ್ಕ ಒಂದು. ನಮ್ಮೂರ ಬಸ್ ನಿಲ್ದಾಣ ಸಿಬಿಟಿಯಿಂದ ಹೊರಟ ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇರುತ್ತದೆ, ಆದರೆ ಹದಿನಾರು ಜನ ಸಾಲಾಗಿ ಕೂರಬೇಕು ಅಂದರೆ ಆಗುವುದಿಲ್ಲ. ವಾರಗಟ್ಟಲೆ ಆಫ್ ಆಗದ ಬೋರ್ಡಿನ ಮೆಮೊರಿಯೂ ಹಾಗೇ ಚೂರುಚೂರಾಗಿರುತ್ತದೆ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಎಂಟು ಪೇಜಿನವರೆಗೆ, ಅಂದರೆ 32 ಕೆಬಿವರೆಗೆ, ಮಾಮೂಲಿ ರೀತಿಯಲ್ಲಿ ಕೇಳಿದರೆ ಲಿನಕ್ಸ್ ಹೆಚ್ಚುಕಡಿಮೆ ಇಲ್ಲ ಅನ್ನುವುದೇ ಇಲ್ಲ. ಕಾಯುತ್ತದೆ, ಹಳೇ ಪೇಜು ಬಿಡಿಸುತ್ತದೆ, ಕೊನೆಗೆ ಊಮ್ ಕಿಲ್ಲರ್ ಕರೆದು ಯಾವುದೋ ಪ್ರೊಸೆಸ್ ಸಾಯಿಸಿಯಾದರೂ ಕೊಡುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಕಿಲ್ಲರ್ ಬರುವುದಿಲ್ಲ, ನಲ್, ಅಂದರೆ ಖಾಲಿ ಉತ್ತರ, ವಾಪಸ್ ಬರುತ್ತದೆ. ಹಾಗಾಗಿ 'ಸಿಗದಿದ್ದರೆ ಏನು' ಅಂತ ಬರೆದ ಕೋಡು, ಸಣ್ಣದನ್ನೇ ಕೇಳುವ ಎಷ್ಟೋ ಡ್ರೈವರ್‌ಗಳಲ್ಲಿ ವರ್ಷಗಟ್ಟಲೆ ಒಮ್ಮೆಯೂ ಓಡಿರುವುದಿಲ್ಲ.

ನಮ್ಮದೂ ಓಡಿರಲಿಲ್ಲ. ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಲಾಕ್) ಹಿಡಿ, ಮೆಮೊರಿ ಕೇಳು, ನಲ್ ಬಂದರೆ ಮೈನಸ್ 12 (ಮೆಮೊರಿ ಇಲ್ಲ) ಅಂತ ರಿಟರ್ನ್. ಮ್ಯೂಟೆಕ್ಸ್ ಬಿಟ್ಟೇ ಇಲ್ಲ! ಮುಂದಿನ ಸಲ ತೂಕ ಓದಲು ಬಂದ ಪ್ರೊಸೆಸ್ ಡಿ ಸ್ಟೇಟ್‌ನಲ್ಲಿ ಮಲಗಿತು. ಬಲವಂತವಾಗಿ ಸಾಯಿಸುವ ಕಿಲ್ ಮೈನಸ್ 9 ಹಾಕಿದರೂ ಅದು ಏಳುವುದಿಲ್ಲ. 120 ಸೆಕೆಂಡ್ ಆದ ಮೇಲೆ ಟಾಸ್ಕ್ ಬ್ಲಾಕ್ ಆಗಿದೆ ಅಂತ ಕರ್ನೆಲ್ ಲಾಗ್‌ನಲ್ಲಿ ಬರೆಯಿತು, ಅಷ್ಟೇ. ಆ ಕೋಡ್ ರಿವ್ಯೂ ಮಾಡಿದವನು ನಾನೇ. ನಲ್ ಚೆಕ್ ಇದೆ ಅಂತ ನೋಡಿ ಮುಂದೆ ಹೋಗಿದ್ದೆ. ಚೆಕ್ ಆದ ಮೇಲೆ ಏನಾಗುತ್ತದೆ ಅಂತ ನೋಡಿರಲಿಲ್ಲ.

"ಸರ್, ಸಿಗೋ ತನಕ ಲೂಪ್ ಹಾಕೋಣ್ರಿ?" ಅಂತ ನಮ್ಮ ಹೊಸ ಹುಡುಗ ಕೇಳಿದ. ಬೇಡ ಅಂದೆ. ಲಾಕ್ ಹಿಡಿದುಕೊಂಡು ನಾವು ಮೆಮೊರಿಗೆ ಕಾಯುತ್ತಿರುತ್ತೇವೆ. ಬೇರೆ ಯಾರದೋ ಸಣ್ಣ ಬೇಡಿಕೆಗೆ ಬಂದ ಕಿಲ್ಲರ್ ಆರಿಸಿದ ಪ್ರೊಸೆಸ್ ಅದೇ ಲಾಕಿಗೆ ಕಾಯುತ್ತಿದ್ದರೆ ಅದು ಸಾಯುವುದಿಲ್ಲ, ಮೆಮೊರಿ ಬಿಡುವುದಿಲ್ಲ, ನಾವು ಲಾಕ್ ಬಿಡುವುದಿಲ್ಲ. 2016ರ 4.6 ಕರ್ನೆಲ್‌ನಿಂದ ಊಮ್ ರೀಪರ್ ಇದೆ ನಿಜ, ಸಿಕ್ಕಿಬಿದ್ದ ಪ್ರೊಸೆಸ್‌ನ ಮೆಮೊರಿಯಲ್ಲಿ ಸ್ವಲ್ಪ ಭಾಗವನ್ನು ಅದು ಸಾಯುವ ಮೊದಲೇ ಕಿತ್ತುಕೊಳ್ಳುತ್ತದೆ. ಅದನ್ನು ನಂಬಿಕೊಂಡು ಡ್ರೈವರ್ ಬರೆಯುವುದು ನನಗೆ ಒಪ್ಪಿಗೆ ಇಲ್ಲ. ಆ 64 ಕೆಬಿ ಬಫರ್ ಅನ್ನು, ಡ್ರೈವರ್ ಶುರುವಾಗುವಾಗ ಓಡುವ ಪ್ರೋಬ್‌ನಲ್ಲೇ, ಬೂಟ್ ಆಗುವಾಗ, ಒಂದೇ ಸಲ ತೆಗೆದುಕೊಂಡು ಇಟ್ಟುಕೊಂಡೆವು. ಫೇಲ್ ಆಗುವ ದಾರಿಗಳೆಲ್ಲ ಗೋಟು (ಕೋಡಿನಲ್ಲಿ ಹೆಸರಿಟ್ಟ ಲೇಬಲ್ಲಿಗೆ ಹಾರುವ ಆಜ್ಞೆ) ಮೂಲಕ ಒಂದೇ ಕಡೆ ಬಂದು ಲಾಕ್ ಬಿಡುವ ಹಾಗೆ ಮಾಡಿದೆವು.

ಆಮೇಲೆ ಬೇಕಂತಲೇ ಫೇಲ್ ಮಾಡಿಸಲು ಕೂತೆವು. ಕರ್ನೆಲ್‌ನಲ್ಲೇ ಫಾಲ್ಟ್ ಇಂಜೆಕ್ಷನ್ ಇದೆ, ಅದರಲ್ಲಿ ಮೆಮೊರಿ ಕೇಳಿದಾಗ ಇಲ್ಲ ಅನ್ನಿಸುವ ಫೇಲ್‌ಸ್ಲ್ಯಾಬ್ ಆನ್ ಮಾಡಿದೆವು. ಅರ್ಧ ದಿನ ಆದರೂ ಒಂದೂ ಫೇಲ್ ಆಗಲಿಲ್ಲ! ನೋಡಿದರೆ 'ಇಗ್ನೋರ್ ಜಿಎಫ್‌ಪಿ ವೇಟ್' ಅನ್ನುವ ಸೆಟ್ಟಿಂಗ್ ಮೊದಲಿನಿಂದಲೇ ವೈ (ಹೌದು) ಆಗಿರುತ್ತದೆ. ಕಾಯಲು ತಯಾರಿರುವ ಅಲೊಕೇಶನ್‌ಗಳನ್ನು, ಅಂದರೆ ನಮ್ಮ ಬಹುತೇಕ ಎಲ್ಲವನ್ನೂ, ಅದು ಮುಟ್ಟುವುದೇ ಇಲ್ಲ. ಎನ್ (ಇಲ್ಲ) ಮಾಡಿದ ಮೇಲೆ ಕೆಲಸ ಶುರುವಾಯ್ತು. ನೀವು ಮಾಡುವುದಾದರೆ ಇದನ್ನು ಮೊದಲು ನೋಡಿ.

ಇನ್ನೂ ಒಳ್ಳೆಯದು ಕರ್ನೆಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಫೋಲ್ಡರ್ ಒಳಗಿನ ಫೇಲ್-ಎನ್‌ತ್ ಫೈಲು. ಅದಕ್ಕೆ 5 ಬರೆದರೆ ಆ ಟಾಸ್ಕಿನ ಐದನೇ ಅಲೊಕೇಶನ್ ಫೇಲ್ ಆಗುತ್ತದೆ. ಡ್ರೈವರ್ ಲೋಡ್ ಮಾಡುವ ಸಣ್ಣ ಸಿ ಪ್ರೋಗ್ರಾಂ ಬರೆದು 1, 2, 3 ಅಂತ ಏರಿಸುತ್ತಾ ಹೋದೆವು. ಫೈಲ್ ಓದಿದಾಗ ಸೊನ್ನೆ ಬಂದರೆ ಫೇಲ್ ಆಗಿದೆ ಅಂತ. ಸೊನ್ನೆ ಬಾರದಿದ್ದರೆ ಅಷ್ಟು ಅಲೊಕೇಶನ್ ಅಲ್ಲಿ ಇಲ್ಲ, ಮುಗೀತು. ಸುಮ್ನೆ ಅದೃಷ್ಟದ ಮೇಲೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು, ಒಂದು ದಾರಿಯೂ ತಪ್ಪುವುದಿಲ್ಲ.

ಏಳನೆಯದರಲ್ಲಿ ಒಂದು ಮೆಮೊರಿ ಸೋರಿಕೆ ಸಿಕ್ಕಿತು. ಹನ್ನೊಂದನೆಯದು ನಿಜವಾಗಿ ಹೆದರಿಸಿತು. ಅಲ್ಲಿ ಗೋಟು ಲೇಬಲ್‌ಗಳ ಕ್ರಮ ತಪ್ಪಿತ್ತು. ಬಫರ್ ಫ್ರೀ ಆದ ಮೇಲೆ ಇಂಟರಪ್ಟ್ (ಹಾರ್ಡ್ವೇರ್ ಡ್ರೈವರನ್ನು ಎಚ್ಚರಿಸುವ ಸಂಕೇತ) ಬಿಡುತ್ತಿದ್ದೆವು, ನಡುವೆ ಬಂದ ಇಂಟರಪ್ಟ್ ಆ ಫ್ರೀ ಆದ ಜಾಗಕ್ಕೇ ತೂಕ ಬರೆಯುತ್ತಿತ್ತು. ಲ್ಯಾಬ್‌ನ 1 ಜಿಬಿ ಬೋರ್ಡಿನಲ್ಲಿ ಮೆಮೊರಿ ತಪ್ಪು ಹಿಡಿಯುವ ಕೆಎಸಾನ್ ಹಾಕಿದ್ದಕ್ಕೆ ಗೊತ್ತಾಯ್ತು. ಇಲ್ಲದಿದ್ದರೆ ಬೇರೆ ಯಾವುದೋ ಡೇಟಾ ಕೆಟ್ಟು, ಯಾವಾಗಲೋ ಎಲ್ಲೋ ಬೋರ್ಡ್ ಬೀಳುತ್ತಿತ್ತು.

ಮುಂದಿನ ಹಂಗಾಮಿಗೆ ಮೊದಲು ರಸೀದಿ ಪ್ರಿಂಟರಿನ ಡ್ರೈವರ್‌ಗೂ ಇದನ್ನೇ ಓಡಿಸಬೇಕು. ಅದರಲ್ಲಿ ಗೋಟು ಲೇಬಲ್ ಒಂಬತ್ತಿವೆ.