ಯಾರು ಹೇಳಿದ್ದು ಅಂತ ಯಾಕೆ ಬರೆಯಬೇಕು?

ದನ ಸಾಕುವ ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಸಲಹೆ ಕಳಿಸುವುದು ಈಗ ದಿನದ ಕೆಲಸವೇ ಆಗಿಬಿಟ್ಟಿದೆ. ಕಾಸರಗೋಡಿನ ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಅಂತ ಹಬ್ಬಿಕೊಂಡಿರುವ ನಮ್ಮ ಬಳಗದಲ್ಲಿ ಮನೆ ಹಾಲಿಗೆ ಒಂದೇ ಒಂದು ದನ ಕಟ್ಟಿಕೊಂಡವರಿದ್ದಾರೆ. ಹತ್ತು ಹದಿನೈದು ದನ ಇಟ್ಟು ಸೊಸೈಟಿಗೆ ಹಾಲು ಹಾಕಿ ಸಂಸಾರ ನಡೆಸುವವರೂ ಇದ್ದಾರೆ. ಯಾರಿಂದಲೋ ಕೇಳಿದ ಮದ್ದನ್ನೋ ಮೇವಿನ ಉಪಾಯವನ್ನೋ ನಾನು ಕಳಿಸುವಾಗ ಕೆಳಗೆ ಎರಡು ಸಾಲು ಸೇರಿಸುತ್ತೇನೆ. ಹೇಳಿದ್ದು ಯಾರು, ಯಾವ ದನಕ್ಕೆ, ಯಾವಾಗ. ಅದನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಅಲ್ಲ ಅಕ್ಕ, ಇದೆಲ್ಲ ನಮ್ಮ ಅಜ್ಜಿಯಂದಿರ ಮದ್ದು ಅಲ್ವಾ? ಯಾರೊಬ್ಬರದ್ದೂ ಅಲ್ಲ. ಇದಕ್ಕೆ ಹೆಸರು ಯಾಕೆ? ಸುಮ್ನೆ ಮದ್ದು ಹೇಳಿದರೆ ಸಾಲದಾ?"

ಸಾಲದು ಅಂತಲೇ ನನ್ನ ಉತ್ತರ. ಹೆಸರು ಹೇಳುವುದು ಕಲಿಸಿದವರಿಗೆ ಕೊಡುವ ಮರ್ಯಾದೆ, ಅದು ಹೇಗೂ ಇರಲೇಬೇಕು. ಅದಕ್ಕಿಂತ ಜಾಸ್ತಿ, ಅದು ದನದ ಜೀವಕ್ಕೆ ಬೇಕು. ಒಂದು ಸಲಹೆ ಹತ್ತು ಜನರನ್ನು ದಾಟಿ ಬರುವಾಗ ದಾರಿಯಲ್ಲಿ ಏನಾದರೊಂದು ಬಿಟ್ಟುಹೋಗುತ್ತದೆ. ಬಿಟ್ಟುಹೋದದ್ದು ಏನು ಅಂತ ತಿಳಿಯಲಿಕ್ಕೆ ಮೊದಲು ಹೇಳಿದವರ ಹತ್ತಿರ ವಾಪಸ್ ಹೋಗಲಿಕ್ಕಾಗಬೇಕು. ಹೆಸರಿಲ್ಲದಿದ್ದರೆ ಯಾರ ಹತ್ತಿರ ಹೋಗುವುದು?

ಕೆಚ್ಚಲು ಬಾವಿನ ಮದ್ದನ್ನೇ ನೋಡಿ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಕಡೆ ದನದ ಹಟ್ಟಿಯ ನೆಲ ಒಣಗುವುದೇ ಇಲ್ಲ. ಆ ಹೊತ್ತಿಗೆ ಸರಿಯಾಗಿ ಒಂದು ಸಂದೇಶ ಎಲ್ಲರ ಫೋನಿಗೂ ಬರುತ್ತದೆ. "ಲೋಳೆಸರ, ಅರಸಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚಿ. ಮೂರೇ ದಿನದಲ್ಲಿ ಗುಣ. ಎಲ್ಲರಿಗೂ ಕಳಿಸಿ." ಇಷ್ಟೇ. ಅಳತೆ ಇಲ್ಲ, ಊರಿಲ್ಲ, ಹೆಸರಿಲ್ಲ.

ಮದ್ದು ಸುಳ್ಳಲ್ಲ. ಇದರ ಹಿಂದೆ ದುಡಿದವರಿದ್ದಾರೆ. ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪ್ರೊ. ಎನ್. ಪುಣ್ಯಮೂರ್ತಿಯವರು ರೈತರ ಮನೆಮದ್ದುಗಳನ್ನು ಕಲೆಹಾಕಿ, ದನಗಳ ಮೇಲೆ ಪರೀಕ್ಷೆ ಮಾಡಿ, ಅಳತೆ ಗೊತ್ತುಮಾಡಿದರು. ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯದವರೂ ಈ ಕೆಲಸದಲ್ಲಿ ಜೊತೆಗಿದ್ದಾರೆ. ಆಮೇಲೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅದನ್ನು ಕರಪತ್ರ, ವಿಡಿಯೊಗಳ ಮೂಲಕ ಹೈನುಗಾರರಿಗೆ ತಲುಪಿಸಿತು. ಅವರು ಹೇಳುವ ಅಳತೆ ಇದು: ಲೋಳೆಸರ 250 ಗ್ರಾಂ, ಅರಸಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ.

ಮಾಡುವ ಕ್ರಮವೂ ಮುಖ್ಯ. ಲೋಳೆಸರದ ಎಲೆಯ ಅಂಚಿನ ಮುಳ್ಳು ತೆಗೆದು, ತುಂಡು ಮಾಡಿ, ಮೂರನ್ನೂ ಒಟ್ಟಿಗೆ ಅರೆಯಬೇಕು. ಸುಣ್ಣ ಸೇರಿದ ಕೂಡಲೇ ಅರಸಿನದ ಹಳದಿ ಹೋಗಿ ಮುದ್ದೆ ಕೆಂಪಾಗುತ್ತದೆ. ದನದ ಕೆಚ್ಚಲಿನಿಂದ ಹಾಲನ್ನು ಪೂರ್ತಿ ಹಿಂಡಿ ತೆಗೆಯಬೇಕು. ಆಮೇಲೆ ಕೆಚ್ಚಲು ತೊಳೆಯಬೇಕು. ಆ ಮುದ್ದೆಯಲ್ಲಿ ಒಂದು ಹಿಡಿ ತೆಗೆದು, ನೀರು ಹಾಕಿ ತೆಳ್ಳಗೆ ಮಾಡಿ, ನೋವಿರುವ ಮೊಲೆಗೆ ಮಾತ್ರ ಅಲ್ಲ, ಕೆಚ್ಚಲು ಪೂರ್ತಿ ಹಚ್ಚಬೇಕು. ದಿನಕ್ಕೆ ಎಂಟು ಹತ್ತು ಸಲ. ಮಾರನೇ ದಿನಕ್ಕೆ ಹೊಸದಾಗಿ ಅರೆಯಬೇಕು. ಜ್ವರ ಇದ್ದರೆ, ಹಾಲಿನಲ್ಲಿ ಕೀವು ರಕ್ತ ಕಂಡರೆ ಹಚ್ಚುತ್ತಾ ಕೂರದೆ ಡಾಕ್ಟ್ರನ್ನು ಕರೆಸಬೇಕು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಹೆಸರಿಲ್ಲದ ಸಂದೇಶದಲ್ಲಿ ಉಳಿದದ್ದು ಮೂರು ಸಾಮಾನಿನ ಪಟ್ಟಿ ಮಾತ್ರ. ಹಾಲು ಹಿಂಡಿ ತೆಗೆಯುವ ಮಾತು ಹೋಯಿತು. ಎಂಟು ಹತ್ತು ಸಲ ಅನ್ನುವುದು ಹೋಯಿತು. ನನಗೆ ಬಂದ ಒಂದು ಸಂದೇಶದಲ್ಲಿ ಸುಣ್ಣ "ಒಂದು ಹಿಡಿ" ಆಗಿತ್ತು. ಬಾವು ಬಂದು ಕೆಂಪಾಗಿರುವ ಕೆಚ್ಚಲಿಗೆ ಹಿಡಿ ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ ಮಾರಾಯ್ರೇ. ದಿನಕ್ಕೆರಡು ಸಲ ಹಚ್ಚಿ, ಗುಣವಾಗದೆ, "ಈ ನಾಟಿ ಮದ್ದೆಲ್ಲ ಬರೀ ಸುಳ್ಳು" ಅಂತ ಬೈದವರೂ ಇದ್ದಾರೆ. ಅದೇ ಸಂದೇಶದ ಕೆಳಗೆ "ಪ್ರೊ. ಪುಣ್ಯಮೂರ್ತಿಯವರ ಕ್ರಮ, ಡೇರಿ ಮಂಡಳಿಯ ಕರಪತ್ರದಲ್ಲಿದೆ" ಅಂತ ಒಂದು ಸಾಲು ಇದ್ದಿದ್ದರೆ? ಓದಿದವರು ಆ ಹೆಸರು ಹುಡುಕಿ ಸರಿಯಾದ ಅಳತೆ ನೋಡಿಕೊಳ್ಳಬಹುದಿತ್ತು. ತಪ್ಪು ಎಲ್ಲೇ ನುಸುಳಿದರೂ ತಿದ್ದಿಕೊಳ್ಳುವ ಅವಕಾಶ ಆ ಒಂದು ಸಾಲಿನಲ್ಲಿರುತ್ತದೆ.

"ಎಲ್ಲರದ್ದೂ" ಅನ್ನುವ ಮಾತಿಗೂ ಒಂದು ಉತ್ತರ ಇದೆ. ಗಾಯಕ್ಕೆ ಅರಸಿನ ಹಚ್ಚುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ 1995ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಕೊಟ್ಟರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನವರು ಅದನ್ನು ಪ್ರಶ್ನಿಸಿದಾಗ "ನಮ್ಮ ಅಜ್ಜಿಗೆ ಗೊತ್ತಿತ್ತು" ಅಂದರೆ ಸಾಕಾಗಲಿಲ್ಲ. ಹಳೆಯ ಬರಹಗಳನ್ನು ಹುಡುಕಿ ತೆಗೆದು ಮುಂದಿಡಬೇಕಾಯಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಯಾರಿಗೆ ಗೊತ್ತಿತ್ತು, ಎಂದಿನಿಂದ ಗೊತ್ತಿತ್ತು ಅಂತ ಯಾರೋ ಬರೆದಿಟ್ಟಿದ್ದಕ್ಕೆ ಅರಸಿನ ಎಲ್ಲರದ್ದಾಗಿ ಉಳಿಯಿತು.

ಮೇವಿನ ವಿಷಯಕ್ಕೆ ಬಂದರೆ ನನಗೆ ಇನ್ನೂ ಭಯ ಜಾಸ್ತಿ. ನಮ್ಮ ಗುಡ್ಡದ ಕಡೆ ಮರಗೆಣಸು ಬೆಳೆಯುವವರು ತುಂಬ ಜನ. ಮರಗೆಣಸಿನ ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿದೆ, ಕೊಚ್ಚಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹದ ಅರಿತು ಕೊಟ್ಟರೆ ಮೇವಾಗುತ್ತದೆ. ಒಣಗಿಸುವಾಗ ಅದರಲ್ಲಿರುವ ಸಯನೈಡ್ ವಿಷ ಬಹುಪಾಲು ಹೋಗುತ್ತದೆ. ಹಸಿ ಸೊಪ್ಪು, ಹಸಿ ಸಿಪ್ಪೆ ಹಾಗಲ್ಲ. ಹೊಟ್ಟೆತುಂಬ ತಿಂದ ದನ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು ಬಿದ್ದುಬಿಡಬಹುದು. ಡಾಕ್ಟ್ರು ಬಂದು ಇಂಜೆಕ್ಷನ್ ಕೊಡುವಷ್ಟು ಹೊತ್ತೂ ಸಿಗದೆ ಹೋಗಬಹುದು. ಈಗ "ಮರಗೆಣಸಿನ ಸೊಪ್ಪು ಒಳ್ಳೆಯ ಮೇವು, ಹಿಂಡಿಯ ಖರ್ಚು ಉಳಿಯುತ್ತದೆ" ಅಂತ ಒಂದು ಸಾಲು ಬಂತು ಅಂದುಕೊಳ್ಳಿ. ಮೊದಲು ಹೇಳಿದವರು "ಒಣಗಿಸಿ" ಅಂದಿರುತ್ತಾರೆ. ನಾಲ್ಕನೆಯವರು ಚುಟುಕು ಮಾಡಲಿಕ್ಕೆ ಹೋಗಿ ಅದನ್ನೇ ಬಿಟ್ಟಿರುತ್ತಾರೆ. ಹೇಳಿದವರ ಹೆಸರು ಇದ್ದರೆ ಒಂದು ಫೋನ್ ಮಾಡಿ "ಹಸಿಯಾ, ಒಣಗಿದ್ದಾ?" ಅಂತ ಕೇಳಬಹುದು. ಆ ಒಂದು ಪ್ರಶ್ನೆಗೆ ದನ ಉಳಿಯುತ್ತದೆ.

ಯಾವ ದನಕ್ಕೆ ಅಂತ ಬರೆಯುವುದೂ ಇದೇ ಕಾರಣಕ್ಕೆ. ನಮ್ಮ ಕಾಸರಗೋಡು ಗಿಡ್ಡ ಮನುಷ್ಯರ ಸೊಂಟದ ಎತ್ತರಕ್ಕೆ ನಿಲ್ಲುವ ದನ. ಕಾಡು ಗುಡ್ಡ ಸುತ್ತಿ ಸೊಪ್ಪು ತಿಂದು ಬಂದು, ಹೊತ್ತಿಗೆ ಒಂದಿಷ್ಟು ಹಾಲು ಕೊಟ್ಟು, ಮಳೆ ಬಿಸಿಲಿಗೆ ಜಗ್ಗದೆ ಬದುಕುತ್ತದೆ. ಬದಿಯಡ್ಕದ ಹತ್ತಿರ ಬೇಳದಲ್ಲಿ ಈ ತಳಿಗಾಗಿಯೇ ಸರ್ಕಾರದ ಫಾರ್ಮ್ ಇದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ತಳಿ) ಮಿಶ್ರತಳಿಯ ದನ ಇದರ ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಜಂತುಹುಳದ ಮದ್ದನ್ನು ತೂಕ ನೋಡಿ ಕೊಡಬೇಕು. "ನಮ್ಮ ದನಕ್ಕೆ ಇಷ್ಟು ಹಾಕಿದೆ, ಒಳ್ಳೆಯದಾಯಿತು" ಅಂತ ದೊಡ್ಡ ಮಿಶ್ರತಳಿ ಸಾಕುವವರೊಬ್ಬರು ಬರೆದದ್ದನ್ನು ಯಾವ ದನ ಅಂತ ಹೇಳದೆ ನಾನು ಗಿಡ್ಡ ಸಾಕುವವರಿಗೆ ಕಳಿಸಿದರೆ ಅದು ಸಹಾಯ ಮಾಡಿದ ಹಾಗೆ ಆಗುವುದಿಲ್ಲ.

ಇಸವಿ ಬರೆಯಿರಿ ಅಂತ ಹೇಳಿದರೆ ಕೆಲವರಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ಡೈಕ್ಲೊಫೆನಾಕ್ ಕಥೆ ಕೇಳಿ. ದನದ ಕಾಲುನೋವಿಗೆ, ಜ್ವರಕ್ಕೆ ಒಂದು ಕಾಲದಲ್ಲಿ ಎಲ್ಲ ಕಡೆ ಕೊಡುತ್ತಿದ್ದ ಇಂಜೆಕ್ಷನ್ ಅದು. ಅದನ್ನು ಹಾಕಿಸಿಕೊಂಡು ಸತ್ತ ದನವನ್ನು ತಿಂದ ರಣಹದ್ದುಗಳ ಕಿಡ್ನಿ ಹಾಳಾಗಿ ಅವು ರಾಶಿ ರಾಶಿ ಸತ್ತವು. 2006ರಲ್ಲಿ ಜಾನುವಾರಿಗೆ ಅದನ್ನು ಕೊಡದಂತೆ ಸರ್ಕಾರ ನಿಲ್ಲಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್‌ಗೂ ಜಾನುವಾರಿನ ಮಟ್ಟಿಗೆ ನಿಷೇಧ ಬಂತು. ಹಳೆಯ ನೋಟುಬುಕ್ಕಿನಿಂದ ಫೋಟೊ ತೆಗೆದು ಕಳಿಸುವ ಸಲಹೆಯಲ್ಲಿ ಈ ಹೆಸರುಗಳು ಇದ್ದೇ ಇರುತ್ತವೆ. ಬರೆದವರದ್ದು ತಪ್ಪಲ್ಲ, ಅವರು ಬರೆದಾಗ ಅದು ಸರಿಯೇ ಆಗಿತ್ತು. ಇಸವಿ ಹಾಕದೆ ಇವತ್ತು ಕಳಿಸಿದರೆ ಮಾತ್ರ ಓದುವವರು ಅದನ್ನು ಇವತ್ತಿನದ್ದೇ ಅಂತ ನಂಬುತ್ತಾರೆ.

ಹೆಸರಿಲ್ಲದ್ದಕ್ಕಿಂತ ಕೆಟ್ಟದ್ದು ಸುಳ್ಳು ಹೆಸರು. ಚರ್ಮಗಂಟು ರೋಗ ಹಬ್ಬಿದ ಸಮಯದಲ್ಲಿ "ದೊಡ್ಡ ಡಾಕ್ಟ್ರು ಹೇಳಿದ್ದಾರೆ, ಲಸಿಕೆ ಹಾಕಿಸಬೇಡಿ" ಅನ್ನುವ ಮಾತು ಹರಡಿತ್ತು. ಯಾವ ಡಾಕ್ಟ್ರು? ಎಲ್ಲಿಯವರು? ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ಆ ರೋಗಕ್ಕೆ ಆಡಿನ ಸಿಡುಬಿನ ಲಸಿಕೆಯನ್ನೇ ದೇಶದ ಎಲ್ಲ ಕಡೆ ಹಾಕುತ್ತಿದ್ದರು, ಅದರಿಂದ ಎಷ್ಟೋ ದನ ಉಳಿದವು. ಬರೀ "ಡಾಕ್ಟ್ರು ಹೇಳಿದ್ದು" ಅಂತ ಹಾಕುವುದನ್ನು ನಾನು ಹೆಸರು ಹೇಳಿದ್ದು ಅಂತ ಒಪ್ಪುವುದಿಲ್ಲ. ಹಟ್ಟಿ ಕೆಲಸಕ್ಕೆ ಬರುವ ಅಕ್ಕ ಹೇಳಿದ ಉಪಾಯಕ್ಕೆ ತೂಕ ಬರಲಿ ಅಂತ ಡಾಕ್ಟ್ರ ಹೆಸರು ಅಂಟಿಸುವುದು ಇನ್ನೊಂದು ಅನ್ಯಾಯ. ದನದ ಜೊತೆ ದಿನವಿಡೀ ಇರುವವರು ಅವರೇ. ಬೆದೆಗೆ ಬಂದದ್ದು, ಮೆಲುಕು ನಿಂತದ್ದು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಕರು ಹಾಕಿ ಕಸ (ಮಾಸು) ಬೀಳದೆ ಒದ್ದಾಡುವಾಗ ರಾತ್ರಿ ಎದ್ದು ಕೂರುವವರೂ ಅವರೇ. ಅವರಿಂದ ಕಲಿತದ್ದನ್ನು ಅವರ ಹೆಸರಿನಲ್ಲೇ ಹೇಳಬೇಕು ಅಂತ ನನಗೆ ತುಂಬ ಇದೆ.

ಎಲ್ಲರಿಗೂ ಹೆಸರು ಹಾಕುವುದು ಇಷ್ಟ ಆಗುವುದಿಲ್ಲ, ಅದೂ ನಿಜ. ನಮ್ಮ ನಾಟಿ ವೈದ್ಯರಲ್ಲಿ ಕೆಲವರಿಗೆ ಮದ್ದಿನ ಹೆಸರು ಬಾಯಿಬಿಟ್ಟು ಹೇಳಿದರೆ ಅದು ತಾಗುವುದಿಲ್ಲ ಅನ್ನುವ ನಂಬಿಕೆ ಇದೆ. ಅಂಥವರು ನಂಬಿಕೆಯಿಂದ ಹೇಳಿಕೊಟ್ಟದ್ದನ್ನು ನಾನು ಊರಿಗೆಲ್ಲ ಕಳಿಸುವುದಿಲ್ಲ. ಕೇಳಿದವರನ್ನು ಅವರ ಮನೆಗೇ ಕಳಿಸುತ್ತೇನೆ. ಇನ್ನು ಕೆಲವರು "ಮದ್ದು ಹೇಳು, ನನ್ನ ಹೆಸರು ಬೇಡ" ಅನ್ನುತ್ತಾರೆ. ಆಗ "ನೀರ್ಚಾಲು ಕಡೆಯ ಹಿರಿಯರೊಬ್ಬರು, ಹೆಸರು ಬೇಡ ಅಂದಿದ್ದಾರೆ, ನನ್ನಲ್ಲಿ ಕೇಳಿದರೆ ಅವರನ್ನು ವಿಚಾರಿಸಿ ಹೇಳುತ್ತೇನೆ" ಅಂತ ಹಾಕಿದರೆ ಆಯಿತು. ಫೋನ್ ನಂಬರನ್ನಂತೂ ಕೇಳದೆ ಯಾರೂ ಹಾಕಬಾರದು. ಒಳ್ಳೆಯ ಮನಸ್ಸಿನಿಂದಲೇ ಹಾಕಿರುತ್ತಾರೆ, ಆದರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆಯುವವರಿಗೆ ನಡುರಾತ್ರಿ ತ್ರಿಶ್ಶೂರಿನಿಂದಲೋ ಶಿವಮೊಗ್ಗದಿಂದಲೋ ಕರೆ ಬಂದರೆ ಹೇಗೆ?

ನಾನು ಬರೆಯುವ ಎರಡು ಸಾಲು ಹೇಗಿರುತ್ತದೆ ಅಂತ ಕೇಳಿದವರಿಗಾಗಿ ಒಂದನ್ನು ಇಲ್ಲಿ ಹಾಗೇ ಕೊಡುತ್ತೇನೆ. "ಹಲಸಿನ ಹಣ್ಣಿನ ಕಾಲದಲ್ಲಿ ರಚ್ಚೆಯನ್ನು (ಸೊಳೆ ತೆಗೆದ ಮೇಲೆ ಉಳಿಯುವ ಸಿಪ್ಪೆಯ ಭಾಗ) ಒಮ್ಮೆಲೇ ರಾಶಿ ಹಾಕಬೇಡಿ, ದಿನಾ ಸ್ವಲ್ಪ ಸ್ವಲ್ಪ ಬೈಹುಲ್ಲಿನ ಜೊತೆ ಕೊಡಿ, ಇಲ್ಲದಿದ್ದರೆ ಹೊಟ್ಟೆ ಹುಳಿಯಾಗಿ ದನ ಮೇವು ಬಿಡುತ್ತದೆ. ಹೇಳಿದ್ದು ನಮ್ಮ ಪಕ್ಕದ ಮನೆಯ ದೊಡ್ಡಮ್ಮ, ಗಿಡ್ಡ ದನ ಸಾಕುವವರು. ನಮ್ಮ ಮೃಗಾಸ್ಪತ್ರೆಯ ಡಾಕ್ಟ್ರಲ್ಲಿ ಕೇಳಿದೆ, ಸರಿ ಅಂದರು. ನಾನೂ ಹಾಗೇ ಮಾಡುತ್ತೇನೆ." ಇದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಯಾರೋ ಮಲೆಯಾಳದಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಅದನ್ನೂ ಸೇರಿಸಿ, ಅಳತೆಯ ಅಂಕಿಗಳನ್ನು ಎರಡು ಸಲ ನೋಡಿ. ವಿಡಿಯೊ ಕಳಿಸುವಾಗ ಹೇಳುವವರು ತಮ್ಮ ಊರು ಹೆಸರು ಹೇಳುವ ಮೊದಲ ಭಾಗವನ್ನು ಕತ್ತರಿಸಬೇಡಿ.

ಕೊನೆಗೆ ಬರುವ ಪ್ರಶ್ನೆ ಒಂದಿದೆ. "ಯಾರು ಹೇಳಿದ್ದು ಅಂತಲೇ ಗೊತ್ತಿಲ್ಲದಿದ್ದರೆ ಏನು ಮಾಡುವುದು ಅಕ್ಕ?" ಗೊತ್ತಿಲ್ಲ ಅಂತಲೇ ಬರೆಯಿರಿ. ಹಟ್ಟಿ ತೊಳೆಯುವ ಉಪಾಯವೋ, ಸೊಳ್ಳೆಗೆ ಹೊಗೆ ಹಾಕುವ ಕ್ರಮವೋ ಆದರೆ ಹಾಗೆ ಬರೆದು ಕಳಿಸಿದರೆ ಅಡ್ಡಿಯಿಲ್ಲ. ದನದ ಹೊಟ್ಟೆಗೆ ಹೋಗುವಂಥದ್ದು, ಚರ್ಮಕ್ಕೆ ಚುಚ್ಚುವಂಥದ್ದು ಆದರೆ ಕಳಿಸುವ ಮೊದಲು ನಿಮ್ಮ ಹತ್ತಿರದ ಮೃಗಾಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿ. ಅವರು ಸರಿ ಅಂದರೆ ಅವರ ಹೆಸರು ಹಾಕಿ ಕಳಿಸಿ. ಯಾರೂ ಸಿಗಲಿಲ್ಲ ಅಂದರೆ ಕಳಿಸಬೇಡಿ.