ಹೊಲದಂತೆ ಅವ್ವನನ್ನೂ ಪಾಲು ಮಾಡಿದರೆ

ರಾಯಚೂರು ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಅವ್ವನಿಗೂ ಪಾಳಿ ಬೀಳುತ್ತದೆ. ಒಂದು ತಿಂಗಳು ಲಿಂಗಸುಗೂರಿನ ಹಿರಿಮಗನ ಮನೆ, ಮುಂದಿನ ತಿಂಗಳು ಸಿಂಧನೂರು, ಆಮೇಲೆ ಬೆಂಗಳೂರು. ನೆನಪು ಗಟ್ಟಿ ಇದ್ದವರು ಹೇಗೋ ಹೊಂದಿಕೊಳ್ಳುತ್ತಾರೆ. ಮರೆವಿನ ಕಾಯಿಲೆಯವರಿಗೆ ಸಾಮಾನ್ಯವಾಗಿ ಮೊದಲು ಹೋಗುವುದು ಹೊಸದನ್ನು ಕಲಿಯುವ ಶಕ್ತಿ. ಹಳೇ ಮನೆಯಲ್ಲಿ ಕಾಲು ತಾನಾಗಿ ಬಚ್ಚಲಿಗೆ ಹೋಗುತ್ತದೆ. ಹೊಸ ಮನೆಯಲ್ಲಿ ನಡುರಾತ್ರಿ ಎದ್ದವರು ದಾರಿ ಸಿಗದೆ ಪಡಸಾಲೆಯಲ್ಲೇ ಮಾಡಿಕೊಳ್ಳುತ್ತಾರೆ, ಇಲ್ಲವೇ ‘ನಮ್ಮನಿಗೆ ಹೋಗ್ತೀನಿ’ ಅಂತ ಬಾಗಿಲು ತೆಗೆಯುತ್ತಾರೆ. ಸೊಸೆಗೆ ಅದು ಹಟದಂತೆ ಕಾಣುತ್ತದೆ. ಮನೆ ಒಂಚೂರು ಗುರುತಾಗುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ.

ಅವ್ವ ಒಂದೇ ಮನೆಯಲ್ಲಿರಲಿ, ಪಾಳಿ ಮಕ್ಕಳಿಗಿರಲಿ. ದೂರದವರು ಮಾತ್ರೆ, ಡೈಪರಿನ ಖರ್ಚು ಕೊಡಬೇಕು. ಜೊತೆಗೆ ಬಂದು ವಾರ ಹದಿನೈದು ದಿನ ರಾತ್ರಿ ಎದ್ದಿರಬೇಕು. ಫೋನ್‌ಪೇಯಲ್ಲಿ ದುಡ್ಡು ಹಾಕಿದರೆ ಸೊಸೆಗೆ ನಿದ್ದೆ ಸಿಗುವುದಿಲ್ಲ! ಸ್ಥಳ ಬದಲಿಸಲೇಬೇಕಾದರೆ ಅವರ ಮಂಚ, ಕೌದಿ ಜೊತೆಗೇ ಹೋಗಲಿ. ಮಲಗುವಲ್ಲಿಂದ ಬಚ್ಚಲಿನ ತನಕ ರಾತ್ರಿಯಿಡೀ ದೀಪವಿರಲಿ, ಬಚ್ಚಲ ಬಾಗಿಲು ತೆರೆದೇ ಇರಲಿ.

ಗುಳೆ ಹೋಗುವ ಮನೆಗಳದು ಇನ್ನೂ ಕಷ್ಟ. ದುಡಿಯುವವರೆಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟರೆ ದೇವದುರ್ಗದ ಹಳ್ಳಿಯಲ್ಲಿ ಮರೆವಿನ ಅಜ್ಜನ ಜೊತೆ ಉಳಿಯುವುದು ಅಜ್ಜಿ, ಶಾಲೆಗೆ ಹೋಗುವ ಮೊಮ್ಮಗಳು. ಆ ಹುಡುಗಿಯ ಶಾಲೆ ಬಿಡಿಸುವ ಬದಲು ಓಣಿಯ ಹೆಣ್ಣುಮಗಳೊಬ್ಬಳಿಗೆ ಕೂಲಿ ಕೊಟ್ಟು ಹಗಲು ಕೂರಿಸುವುದು ಮೇಲು. ಯಾರೇ ಕೂರಲಿ, ಮೊದಲ ಕೆಲಸ ನೀರು. 40 ಡಿಗ್ರಿ ದಾಟುವ ಬಿಸಿಲಲ್ಲೂ ಅಜ್ಜ ತಾನಾಗಿ ಕೇಳಲಿಕ್ಕಿಲ್ಲ. ಎರಡು ತಾಸಿಗೊಮ್ಮೆ ಒಂದು ಲೋಟ ನೀರೋ ಮಜ್ಜಿಗೆಯೋ ಕೈಗೆ ಕೊಟ್ಟು, ಕುಡಿಯುವ ತನಕ ನಿಲ್ಲಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇದ್ದರೆ ಅಳತೆ ಡಾಕ್ಟರರು ಹೇಳಿದಷ್ಟೇ.

ಒಂದೆರಡು ದಿನದಲ್ಲಿ ಏಕಾಏಕಿ ಬಡಬಡಿಸತೊಡಗಿದರೆ ಅಥವಾ ಮಂಕಾಗಿ ಬಿದ್ದುಕೊಂಡರೆ ಮರೆವು ಹೆಚ್ಚಾಯಿತು ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ, ಇವೆಲ್ಲ ಹಾಗೆ ಮಾಡುತ್ತವೆ. ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಇನ್ನು ‘ಅರವತ್ತಕ್ಕೆ ಅರಳು ಮರಳು’ ಅಂತ ತಪಾಸಣೆಯನ್ನೇ ಮಾಡಿಸದವರೂ ಇದ್ದಾರೆ. ಥೈರಾಯ್ಡ್, ಬಿ12 ರಕ್ತಪರೀಕ್ಷೆ ಮಾಡಿಸಿ. ಇವುಗಳ ಕೊರತೆಯಿಂದ ಬಂದ ಮರೆವು ಔಷಧಿಗೆ ಸುಧಾರಿಸಬಹುದು.

ಹೊಲ ಮಕ್ಕಳ ಹೆಸರಿಗೆ ಮಾಡುವುದಿದ್ದರೆ ಅವ್ವನಿಗೆ ತಿಳಿವಳಿಕೆ ಇರುವಾಗಲೇ ಆಗಲಿ, ನೋಡಿಕೊಳ್ಳಬೇಕೆಂಬ ಷರತ್ತು ದಾನಪತ್ರದಲ್ಲೇ ಇರಲಿ. ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದು ಮಾಡಿಸಲು ಬರುತ್ತದೆ. ವಿಚಾರಿಸಲು ಹಿರಿಯರ ಸಹಾಯವಾಣಿ 14567.