ಕೆಮ್ಮಿದ್ದು ಹಂದಿ ಅಲ್ಲ

ಆಗಸ್ಟ್ 11, 2024, ಭಾನುವಾರ
ಸೋಮವಾರಪೇಟೆ ಹತ್ತಿರ

ಬೆಳಿಗ್ಗೆಯಿಂದ ಬಿಡದ ಮಳೆ. ಆರು ಗಂಟೆಗೆ ಹಂದಿ ಗೂಡಿನ ಕಡೆ ಹೋದರೆ ನಮ್ಮ ಕೆಲಸದ ಹುಡುಗ ಹೊರಗಿನ ಕಟ್ಟೆ ಮೇಲೆ ಕೂತಿದ್ದ. ತಲೆಗೆ ಟವೆಲ್ ಸುತ್ತಿಕೊಂಡಿದ್ದ, ಕಣ್ಣು ಕೆಂಪಾಗಿತ್ತು. "ಏನಿಲ್ಲ ಅಕ್ಕ, ಸುಮ್ನೆ ಶೀತ" ಅಂದ. ಹಣೆ ಮುಟ್ಟಿದೆ, ಕೆಂಡ. ರಾತ್ರಿಯೆಲ್ಲ ಕೆಮ್ಮಿದ್ದಾನಂತೆ. ಹಾಗಿದ್ದರೂ ಬಂದು ಬೂಸಾ ಕಲಸಿಟ್ಟಿದ್ದ.

"ಒಳಗೆ ಹೋಗಿದ್ಯಾ?" ಅಂದೆ. "ಇಲ್ಲ ಅಕ್ಕ, ಈಗ ಹೋಗಬೇಕು ಅಂತಿದ್ದೆ." ಸದ್ಯ ಅನ್ನಿಸಿತು. ಅವನನ್ನು ಅಲ್ಲಿಂದಲೇ ಎಬ್ಬಿಸಿ ಜೀಪಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಮೇಲೆ ಲೈನ್ ಮನೆಗೆ ಬಿಟ್ಟು ಬಂದೆ. ಏಳು ದಿನ ಈ ಕಡೆ ಬರಬೇಡ, ಅಷ್ಟರಲ್ಲಿ ಜ್ವರ ಬಿಡದಿದ್ದರೆ ಇನ್ನೂ ಜಾಸ್ತಿ ದಿನ ಇರು, ಕೂಲಿ ಹಿಡಿಯಲ್ಲ ಅಂತ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಮೊದಲು ಕೇಳಿದ್ದೇ ಇದು: "ಹಂದಿಯಿಂದ ಬಂತಾ ಅಕ್ಕ?"

ಇಲ್ಲ ಮಾರಾಯ. ನಮ್ಮ ಹಂದಿಗಳು ಚೆನ್ನಾಗಿಯೇ ಇವೆ. ನಿನ್ನಿಂದ ಅವಕ್ಕೆ ಹೋಗಬಾರದು ಅಂತ ನನ್ನ ಭಯ.

ಈ ಮಾತು ಜನಕ್ಕೆ ಉಲ್ಟಾ ಕೇಳಿಸುತ್ತದೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಹಂದಿಗೂ ನಮ್ಮ ಹಾಗೇ ಫ್ಲೂ ಬರುತ್ತದೆ. ಬಂದರೆ ಗೊತ್ತಾಗದೇ ಇರುವುದಿಲ್ಲ. ನಿನ್ನೆ ಚೆನ್ನಾಗಿದ್ದ ಗೂಡು ಇವತ್ತು ಒಟ್ಟಿಗೇ ಮಲಗಿಬಿಡುತ್ತದೆ. ಮೇವು ಮುಟ್ಟುವುದಿಲ್ಲ, ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಎಬ್ಬಿಸಿದರೆ ನಾಯಿ ಬೊಗಳಿದ ಹಾಗೆ ಕೆಮ್ಮುತ್ತವೆ. ವಾರದಲ್ಲಿ ಹೆಚ್ಚಿನವು ಸುಧಾರಿಸಿಕೊಳ್ಳುತ್ತವೆ, ಸಾಯುವುದು ಕಡಿಮೆ. ಆದರೆ ಚಿಂತೆ ಹಂದಿಯ ಜೀವದ್ದು ಮಾತ್ರ ಅಲ್ಲ.

ನಮ್ಮ ಪಶು ವೈದ್ಯರು ಒಮ್ಮೆ ಬಿಡಿಸಿ ಹೇಳಿದ್ದರು. ಹಂದಿಯ ಉಸಿರಿನ ದಾರಿಯಲ್ಲಿ ಮನುಷ್ಯರ ಫ್ಲೂ ವೈರಸ್ಸಿಗೂ ಜಾಗ ಇದೆ, ಹಕ್ಕಿಗಳ ಫ್ಲೂ ವೈರಸ್ಸಿಗೂ ಜಾಗ ಇದೆ. ಹಂದಿಯದ್ದೇ ಬೇರೆ ವೈರಸ್ಸುಗಳೂ ಇವೆ. ಈ ವೈರಸ್ಸಿನ ಒಳಗಿನ ಸರಕು ಎಂಟು ತುಂಡು. ಒಂದೇ ಹಂದಿಗೆ ಎರಡು ಥರದ ವೈರಸ್ ಒಟ್ಟಿಗೆ ಹತ್ತಿದರೆ ಆ ತುಂಡುಗಳು ಅದಲು ಬದಲಾಗಬಹುದು. ಎರಡು ಮನೆಯ ಬಿತ್ತನೆ ಭತ್ತ ಒಂದೇ ಕಣಜದಲ್ಲಿ ಬೆರೆತ ಹಾಗೆ. ಹೊರಗೆ ಬರುವುದು ನಮ್ಮ ಮೈ ಹಿಂದೆಂದೂ ನೋಡದ ಹೊಸ ವೈರಸ್ ಆಗಿರಬಹುದು.

2009ರಲ್ಲಿ ಹಂದಿ ಜ್ವರ ಅಂತ ಹೆಸರಾದ H1N1 ಫ್ಲೂ ಬಂದಾಗ ಆಗಿದ್ದು ಹೀಗೇ. ಆ ವೈರಸ್ಸಿನ ಎಂಟು ತುಂಡಿನಲ್ಲಿ ಆರು ಅಮೆರಿಕದ ಕಡೆಯ ಹಂದಿ ವೈರಸ್ಸಿನವು, ಎರಡು ಯುರೋಪ್ ಮತ್ತು ಏಷ್ಯಾದ ಹಂದಿಗಳಲ್ಲಿ ಇದ್ದ ವೈರಸ್ಸಿನವು. ಮೆಕ್ಸಿಕೋದಲ್ಲಿ ಜನಕ್ಕೆ ಹತ್ತಿ, ಜನರಿಂದ ಜನರಿಗೆ ಹರಡಿ, ಮೇ ತಿಂಗಳಿಗೆ ಹೈದರಾಬಾದಿಗೆ ಬಂತು. ಆಗಸ್ಟ್ 3ರಂದು ಪುಣೆಯಲ್ಲಿ ಹದಿನಾಲ್ಕು ವರ್ಷದ ಹುಡುಗಿ ತೀರಿಕೊಂಡಳು, ದೇಶದ ಮೊದಲ ಸಾವು. ಟಿವಿಯಲ್ಲಿ ಹಗಲೂ ರಾತ್ರಿ ಹಂದಿಗಳನ್ನೇ ತೋರಿಸುತ್ತಿದ್ದರು. ಅಷ್ಟು ಹೊತ್ತಿಗೆ ರೋಗ ಹಬ್ಬುತ್ತಿದ್ದದ್ದು ಬಸ್ಸಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ. ಅಪ್ಪ ಆಗ ಹನ್ನೆರಡು ಹಂದಿ ಸಾಕಿದ್ದರು. ಎರಡು ತಿಂಗಳು ಒಂದು ಕೆಜಿ ಮಾಂಸ ಹೋಗಲಿಲ್ಲ. ಮೇವಿಗೆ ಸಾಲ ಮಾಡಿದರು. ಆ ಸಾಲ ತೀರಿಸಲು ಅಮ್ಮನ ಬಳೆ ಹೋಯಿತು. ನನಗೆ ಅದು ಮರೆಯುವುದಿಲ್ಲ.

ಈಜಿಪ್ಟಿನ ಕಥೆ ಓದಿದಾಗ ಹೊಟ್ಟೆ ಉರಿಯಿತು. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಅಲ್ಲಿನ ಸರ್ಕಾರ ದೇಶದ ಹಂದಿಗಳನ್ನೆಲ್ಲ ಕೊಲ್ಲಲು ಹೇಳಿತು. ಸುಮಾರು ಮೂರು ಲಕ್ಷ ಹಂದಿ. ಅಲ್ಲಿ ಆಗ ಒಬ್ಬರಿಗೂ ಈ ಜ್ವರ ಬಂದಿರಲಿಲ್ಲ. ಕೈರೋದಲ್ಲಿ ಮನೆಮನೆಯ ಕಸ ಎತ್ತುವ ಜಬ್ಬಾಲೀನ್ ಜನ ತಂದ ಹಸಿ ಕಸವನ್ನು ತಿನ್ನುತ್ತಿದ್ದದ್ದು ಆ ಹಂದಿಗಳೇ. ಹಂದಿ ಹೋದ ಮೇಲೆ ಬೀದಿಯಲ್ಲಿ ಕಸ ರಾಶಿ ಬಿತ್ತು, ಆ ಬಡವರ ಅನ್ನವೂ ಹೋಯಿತು. ಜ್ವರ ಮಾತ್ರ ಹೇಗೂ ಬಂತು.

ಇದರ ಎದುರಿಗೆ ನಾರ್ವೆ ನೋಡಿ. ಅಲ್ಲಿನ ಹಂದಿಗಳಲ್ಲಿ ಫ್ಲೂ ಇರಲೇ ಇಲ್ಲ. 2009ರ ಅಕ್ಟೋಬರಿನಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಕೊಟ್ಟವರು ಮನುಷ್ಯರು. ಕೆಮ್ಮಿಕೊಂಡೇ ಮೇವು ಹಾಕಲು ಹೋದವರು.

ಹಳೆಯ ಕಾಲದಲ್ಲೂ ಇದನ್ನು ಗಮನಿಸಿದವರು ಇದ್ದರು. 1918ರಲ್ಲಿ ಅಮೆರಿಕದ ಅಯೋವಾದಲ್ಲಿ ಜೆ.ಎಸ್. ಕೋಯೆನ್ ಅಂತ ಒಬ್ಬ ಪಶು ವೈದ್ಯರು. ಮನೆಯವರು ಜ್ವರದಲ್ಲಿ ಮಲಗಿದಾಗಲೇ ಕೊಟ್ಟಿಗೆಯ ಹಂದಿಗಳೂ ಮಲಗಿದ್ದನ್ನು ಕಂಡು, ಇದೂ ಅದೇ ಫ್ಲೂ ಅಂದರು. ಹೀಗೆ ಹೆಸರಿಟ್ಟರೆ ಮಾಂಸ ಯಾರು ಕೊಳ್ಳುತ್ತಾರೆ ಅಂತ ಸಾಕುವವರು ಸಿಟ್ಟಾದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಕೋಯೆನ್ ಹೇಳಿದ್ದು ಸರಿ. ಮುಚ್ಚಿಟ್ಟರೆ ನಮಗೇ ನಷ್ಟ.

ಒಂಬತ್ತು ಗಂಟೆಗೆ ಮೇಷ್ಟ್ರು ಮಾಂಸಕ್ಕೆ ಬಂದರು. ಎರಡು ಕೆಜಿ ಹೇಳಿದ್ದವರು ನಿಂತೇ ಕೇಳಿದರು, "ಹುಡುಗನಿಗೆ ಜ್ವರ ಅಂತಲ್ಲಮ್ಮ, ತಿನ್ನಬಹುದಾ?" ಅವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು ಹೇಳಿದೆ. ಮೇಷ್ಟ್ರೇ, ಚೆನ್ನಾಗಿ ಬೇಯಿಸಿದ ಮಾಂಸದಿಂದ ಈ ಫ್ಲೂ ಬರುವುದಿಲ್ಲ. ಅಪಾಯ ಇರುವುದು ಕಾಯಿಲೆ ಬಿದ್ದ ಹಂದಿಯ ಉಸಿರು, ಸಿಂಬಳದ ಹತ್ತಿರ ಹೋಗುವವರಿಗೆ. ಅಂದರೆ ನನಗೆ, ಅವನಿಗೆ. ತಟ್ಟೆಯಲ್ಲಿ ಅಲ್ಲ.

ಅವರು ಬಿಡಲಿಲ್ಲ. ವಯನಾಡಿನಲ್ಲಿ ಹಂದಿಗಳನ್ನು ಕೊಂದು ಹೂತರಲ್ಲ, ಅದೇನು ಅಂದರು. ಒಳ್ಳೆ ಪ್ರಶ್ನೆ. 2022ರ ಜುಲೈನಲ್ಲಿ ಅಲ್ಲಿಗೆ ಬಂದದ್ದು ಆಫ್ರಿಕನ್ ಹಂದಿ ಜ್ವರ. ಅದು ಬೇರೆಯೇ ವೈರಸ್. ಹಂದಿಗೆ ಬಂದರೆ ಉಳಿಯುವುದು ಕಷ್ಟ, ಮನುಷ್ಯರಿಗೆ ಅದು ಬರುವುದೇ ಇಲ್ಲ. ಕನ್ನಡದಲ್ಲಿ ಎರಡಕ್ಕೂ ಹಂದಿ ಜ್ವರ ಅಂತಲೇ ಬರೆಯುತ್ತಾರೆ, ಹೀಗಾಗಿ ಈ ಗೊಂದಲ. ಪೇಪರಿನವರು ದಯವಿಟ್ಟು ಯಾವ ಜ್ವರ ಅಂತ ಬಿಡಿಸಿ ಬರೆಯಿರಿ. ನಮ್ಮಂಥವರ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಮೇಷ್ಟ್ರು ಎರಡು ಕೆಜಿ ತೆಗೆದುಕೊಂಡೇ ಹೋದರು.

ಹಾಗಂತ ಹಂದಿಯಿಂದ ಮನುಷ್ಯರಿಗೆ ಬರುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. 2012ರಲ್ಲಿ ಅಮೆರಿಕದ ಜಾತ್ರೆಗಳಲ್ಲಿ 300ಕ್ಕೂ ಹೆಚ್ಚು ಜನಕ್ಕೆ ಹಂದಿಯ ಫ್ಲೂ ಹತ್ತಿತು. ಇಂಡಿಯಾನಾ, ಓಹಾಯೋ ಕಡೆ ಜಾಸ್ತಿ. ಅಲ್ಲಿ ಮಕ್ಕಳೇ ಹಂದಿ ಸಾಕಿ ಪ್ರದರ್ಶನಕ್ಕೆ ತರುತ್ತಾರೆ, ಹಾಗಾಗಿ ಸಿಕ್ಕಿಬಿದ್ದವರಲ್ಲಿ ಮಕ್ಕಳೇ ಹೆಚ್ಚು. ಬಹಳ ಮಂದಿಗೆ ಸಾಧಾರಣ ಜ್ವರ ಬಂದು ಹೋಯಿತು. ಒಬ್ಬರು ತೀರಿಕೊಂಡರು. ಇದನ್ನು ಓದಿದ ಮೇಲೆ ಮರಿ ನೋಡಲು ಬರುವ ಮಕ್ಕಳಿಗೆ ಗೂಡಿನ ಹತ್ತಿರ ತಿಂಡಿ ತಿನ್ನಲು ಬಿಡುವುದಿಲ್ಲ. ಸೋಪು, ಬಕೆಟ್ಟು ಬಾಗಿಲಲ್ಲೇ ಇಟ್ಟಿದ್ದೇನೆ. ಐದು ವರ್ಷದ ಒಳಗಿನವರು ದೂರದಿಂದ ನೋಡಿದರೆ ಸಾಕು. ತಂಗಿಗೆ ಈಗ ಏಳು ತಿಂಗಳು. ಮುಂದಿನ ತಿಂಗಳು ಕೈಲ್ ಮುಹೂರ್ತ ಹಬ್ಬಕ್ಕೆ ಬಂದಾಗ ಗೂಡಿನ ಕಡೆ ಕಾಲಿಡಬೇಡ ಅಂತ ಫೋನಲ್ಲೇ ಹೇಳಿದ್ದೇನೆ. ಬಸುರಿಯರಿಗೆ ಫ್ಲೂ ಬಂದರೆ ಬೇಗ ಬಿಗಡಾಯಿಸುತ್ತದೆ.

ಮಧ್ಯಾಹ್ನ ನಾನೇ ಮಾಸ್ಕ್ ಹಾಕಿಕೊಂಡು ಗೂಡು ತೊಳೆದೆ. ಸೊಂಟ ಹಿಡಿದುಕೊಂಡಿದೆ. ದೊಡ್ಡ ಹೆಣ್ಣು ಹಂದಿ ಹನ್ನೊಂದು ಮರಿ ಹಾಕಿ ಇವತ್ತಿಗೆ ಒಂಬತ್ತು ದಿನ. ಎಲ್ಲವೂ ಹಾಲು ಕುಡಿಯುತ್ತಿವೆ. ಯಾವುದಕ್ಕೂ ಕೆಮ್ಮಿಲ್ಲ. ಇನ್ನು ಒಂದು ವಾರ ದಿನಕ್ಕೆ ಎರಡು ಸಲ ಬಂದು ಕಿವಿಗೊಟ್ಟು ನಿಲ್ಲಬೇಕು.

ಸಂಜೆ ಹುಡುಗನ ಹೆಂಡತಿ ಫೋನ್ ಮಾಡಿದ್ದಳು. ಜ್ವರ 101ಕ್ಕೆ ಇಳಿದಿದೆ, ಗಂಜಿ ಕುಡಿದ ಅಂದಳು. ಉಸಿರಾಡಲು ಕಷ್ಟವಾದರೆ, ಎದೆ ನೋವು ಅಂದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡ, ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು ಅಂದೆ. ಫ್ಲೂ ಮಾತ್ರೆ ಮೊದಲ ಎರಡು ದಿನದಲ್ಲಿ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಡಾಕ್ಟರು ಬೆಳಿಗ್ಗೆಯೇ ಕೊಟ್ಟಿದ್ದಾರೆ.

ಅವರ ಹತ್ತಿರ ಲಸಿಕೆ ವಿಷಯವನ್ನೂ ಕೇಳಿದೆ. ವರ್ಷ ವರ್ಷ ಹಾಕುವ ಫ್ಲೂ ಲಸಿಕೆ ಹಂದಿಯ ವೈರಸ್ಸಿಗೆ ಅಂತ ಮಾಡಿದ್ದಲ್ಲ. ಆದರೆ ನಮ್ಮ ಫ್ಲೂ ನಮಗೆ ಬರುವುದು ಕಡಿಮೆಯಾದರೆ ಅದನ್ನು ಗೂಡಿನ ಒಳಗೆ ಒಯ್ಯುವುದೂ ಕಡಿಮೆಯಾಗುತ್ತದಲ್ವಾ. ನಾನು ಮತ್ತು ಮೇವು ತರುವ ಅಣ್ಣ ಮಂಗಳವಾರ ಹೋಗಿ ಹಾಕಿಸಿಕೊಳ್ಳುತ್ತೇವೆ. ಹುಡುಗ ಗುಣವಾದ ಮೇಲೆ ಅವನಿಗೂ ಹಾಕಿಸಬೇಕು. ದುಡ್ಡು ನನ್ನದೇ. ಮಂಗಳವಾರ ಬೆಳಿಗ್ಗೆ ಗೂಡಿನ ಕೆಲಸಕ್ಕೆ ಯಾರನ್ನಾದರೂ ನೋಡಬೇಕು.